ರೈಖೆನೌ ಮಠದ ಹೆರ್ಮನ್ ಮತ್ತು ಅವರ ಚರಿತ್ರೆಯ ಪುಸ್ತಕ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಧರ್ಮಕೇಂದ್ರದ ಹಿಂದಿನ ದಿನಗಳನ್ನು ಅರಸಹೊರಟ ನಮಗೆ ಮೊದಲು ದೊರೆತವು ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು. ಅನಂತರ, ದೇವಾಲಯದ ಮುಂದೆ ಸಾಲಾಗಿ ನಿಂತ ಭಕ್ತಾದಿಗಳ ಭಾವಚಿತ್ರಗಳು. ಸಾಲಿನಲ್ಲಿ ನಿಲ್ಲಲಾಗದವರು ಆ ಚಿತ್ರಗಳಲ್ಲಿಲ್ಲ. ಗುರುಗಳು ಪರಮಪ್ರಸಾದವನ್ನು ಮನೆಗೇ ಕೊಂಡೊಯ್ದು ನೀಡುತ್ತಿದ್ದ ಅಂಥವರನ್ನು ನೆನೆಯುವಾಗ ನಾವು ‘ಪಾಪ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಧರ್ಮಸಭೆಯ ಇತಿಹಾಸದಲ್ಲಾದರೋ ಅಂಥವರೊಬ್ಬರು ಚರಿತ್ರೆಯನ್ನು ಬರೆದವರೇ ಆಗಿದ್ದಾರೆ. ತಮ್ಮ ಮನೆಯವರ ನೆನಪನ್ನು ಸಾವಿರ ವರ್ಷ ಉಳಿಸಿಕೊಟ್ಟವರೂ ಅವರೇ.

ಈಗಿನ ಜರ್ಮನಿಯ ದಕ್ಷಿಣ ಭಾಗದಲ್ಲಿ ಆಲ್ಟ್ಸ್‌ಹೌಸನ್ ಎಂಬ ಊರಿದೆ. ಅಲ್ಲಿನ ಪ್ರಭು ವೋಲ್ಫ್ರಾಡ್ ಹಾಗೂ ಅವರ ಪತ್ನಿ ಹಿಲ್ಟ್ರೂಡ್ ದಂಪತಿಗಳಿಗೆ ಹುಟ್ಟಿದ 15 ಮಕ್ಕಳಲ್ಲಿ ಹೆರ್ಮನ್ ಒಬ್ಬರು. ಜನನ 1013ರ ಜುಲೈ 18. ಬಾಲ್ಯದಿಂದಲೇ ಅವರ ಕೈಕಾಲುಗಳು ಮುದುಡಿದ್ದವು. ಹೊತ್ತು ತಂದು ಕೂರಿಸಿದ ಕುರ್ಚಿಯಲ್ಲಿ ಬಾಗಿಕೊಂಡು ಕೂರುವುದೇ ಕಷ್ಟ. ಇನ್ನೊಬ್ಬರ ನೆರವಿಲ್ಲದೆ ಮಗ್ಗುಲು ಬದಲಿಸಲೂ ಆಗದು. ಬೆರಳುಗಳಲ್ಲಿ ಬಲವಿರಲಿಲ್ಲ, ನಾಲಗೆ ತೊದಲುತ್ತಿತ್ತು. ಇದು ಯಾವ ವ್ಯಾಧಿಯೆಂಬುದರಲ್ಲಿ ಇಂದಿನ ವೈದ್ಯರಿಗೂ ಒಮ್ಮತವಿಲ್ಲ. ನರಗಳನ್ನೂ ಸ್ನಾಯುಗಳನ್ನೂ ಕ್ಷೀಣಗೊಳಿಸುವ ರೋಗವಿರಬೇಕೆಂದು ಕೆಲವರ ಊಹೆ. ಸಮಕಾಲೀನರ ಮಟ್ಟಿಗೆ ಅವರು ‘ಮುದುಡಿದ ಹೆರ್ಮನ್’.

ಶ್ರೀಮಂತ ಮನೆತನವು ಇಂಥ ಮಗನನ್ನು ಕತ್ತಲ ಕೋಣೆಯಲ್ಲಿ ಇರಿಸಿ ಮರೆಯಬಹುದಾಗಿದ್ದ ಕಾಲವದು. ಹಾಗಾಗಲಿಲ್ಲ. ಏಳನೆಯ ವಯಸ್ಸಿನಲ್ಲಿ, 1020ರ ಸೆಪ್ಟೆಂಬರ್ 15ರಂದು, ಅವರನ್ನು ವಿದ್ಯಾಭ್ಯಾಸಕ್ಕೆ ಹಾಕಲಾಯಿತು. ಈ ದಿನಾಂಕವನ್ನು ನಾವು ಬಲ್ಲೆವಾದರೆ ಅದು ಹೆರ್ಮನ್ನರೇ ಬರೆದಿಟ್ಟದ್ದರಿಂದ. ನಮ್ಮಲ್ಲಿ ಎಷ್ಟು ಮಂದಿಗೆ ತಾವು ಶಾಲೆಗೆ ಸೇರಿದ ದಿನ ನೆನಪಿದೆ? ಮುಂದೆ ಅವರು ಬೋಡನ್ ಸರೋವರದ ರೈಖೆನೌ ದ್ವೀಪದಲ್ಲಿ, ಸಂತ ಪಿರ್ಮಿನ್ 724ರಲ್ಲಿ ಸ್ಥಾಪಿಸಿದ ಬೆನೆಡಿಕ್ಟೀನ್ ಮಠದಲ್ಲಿ, ಮಠಾಧೀಶ ಬೆರ್ನೋ ಅವರ ಆಶ್ರಯದಲ್ಲಿ ಸನ್ಯಾಸಿಯಾದರು. ತಮ್ಮ ವೆರ್ನರ್ ಕೂಡ ಅದೇ ಮಠವನ್ನು ಸೇರಿದರು.

ಕುರ್ಚಿಯಿಂದ ಏಳಲಾಗದ ಈ ಸನ್ಯಾಸಿಯ ಮನಸ್ಸು ಹಿಡಿದದ್ದು ಆಕಾಶವನ್ನು. ಪಾಸ್ಕ ಹಬ್ಬದ ದಿನವು ಚಂದ್ರನ ಗತಿಯನ್ನು ಅವಲಂಬಿಸಿದೆಯೆಂದು ವಾಚಕರು ಬಲ್ಲರು. ಆ ಕಾಲದ ಲೆಕ್ಕಾಚಾರವು 19 ವರ್ಷಗಳ ಆವರ್ತನವನ್ನು ಆಧರಿಸಿತ್ತು. ಆದರೆ ಬಾನಿನಲ್ಲಿ ಕಾಣುವ ಚಂದ್ರನಿಗೂ ಲೆಕ್ಕದ ಪುಸ್ತಕದ ಚಂದ್ರನಿಗೂ ತಾಳೆಯಾಗದಿರುವುದನ್ನು ಹೆರ್ಮನ್ ಗಮನಿಸಿದರು. ಪೂಜ್ಯ ಬೀಡ್‌ರಂಥ ಹಿರಿಯರು ನಡೆಸಿಕೊಂಡು ಬಂದ ಗಣನೆಯನ್ನು ಪ್ರಶ್ನಿಸುವುದು ಸಣ್ಣ ಧೈರ್ಯವಲ್ಲ. ಚಾಂದ್ರಮಾಸದ ನಿಖರವಾದ ಅವಧಿಯನ್ನು ಕಂಡುಹಿಡಿಯಲು ಅವರು ಶ್ರಮಿಸಿದರು. ಈ ಬಗೆಯ ದೋಷಗಳನ್ನು ಧರ್ಮಸಭೆಯು ಅಧಿಕೃತವಾಗಿ ತಿದ್ದಿದ್ದು 1582ರಲ್ಲಿ, ಪೋಪ್ ಹದಿಮೂರನೆಯ ಗ್ರೆಗೊರಿಯವರ ಕಾಲದಲ್ಲಿ. ನಕ್ಷತ್ರಗಳ ಎತ್ತರವನ್ನಳೆಯುವ ಆಸ್ಟ್ರೊಲೇಬ್ ಉಪಕರಣದ ರಚನೆಯನ್ನೂ, ಜೊತೆಯಲ್ಲಿ ಒಯ್ಯಬಹುದಾದ ನೆರಳು ಗಡಿಯಾರವನ್ನೂ ಕುರಿತು ಹೆರ್ಮನ್ ಗ್ರಂಥ ಬರೆದರು. ಸಂಗೀತ ಶಾಸ್ತ್ರದಲ್ಲೂ ನಿಷ್ಣಾತರು. ಮಾತು ಅಸ್ಪಷ್ಟವಾಗಿದ್ದರೂ ಅವರ ಪಾಠ ಕೇಳಲು ದೂರದಿಂದ ಶಿಷ್ಯರು ಬರುತ್ತಿದ್ದರು. ಅವರ ಸಂಗದಲ್ಲಿ ಸಪ್ಪೆತನವಿರಲಿಲ್ಲವೆಂದೂ ಅವರು ನಗುಮುಖದವರೆಂದೂ ಶಿಷ್ಯ ಬೆರ್ಥೋಲ್ಡ್ ಸಾಕ್ಷಿ ನುಡಿದಿದ್ದಾರೆ.

ಜಪಸರದ ಅಂತ್ಯದಲ್ಲಿ ನಾವು ಪ್ರಾರ್ಥಿಸುವ ‘ಸಾಲ್ವೆ ರೆಜೀನಾ’ ಇವರ ರಚನೆಯೆಂದು ಬಹುಕಾಲದಿಂದ ಹೇಳಿಕೆಯುಂಟು. ಇಂದಿನ ವಿದ್ವಾಂಸರು ಇದನ್ನು ಸಂದೇಹಿಸುತ್ತಾರೆ. ಆರೋಗ್ಯ ಬೇಕೋ ಜ್ಞಾನ ಬೇಕೋ ಎಂದು ಮಾತೆ ಮರಿಯಮ್ಮನವರು ಬಾಲಕನನ್ನು ಕೇಳಿದರೆಂಬುದು ಮುಂದಿನವರು ಕಟ್ಟಿದ ಕಥೆ. ಕಥೆ ಸೊಗಸಾಗಿದೆ; ಆದರೆ ವರ್ಷಗಟ್ಟಲೆ ಪಟ್ಟ ಶ್ರಮವನ್ನು ಅದು ಒಂದು ಗಳಿಗೆಯ ಆಯ್ಕೆಯನ್ನಾಗಿಸುತ್ತದೆಯೆಂದು ನಮಗನ್ನಿಸುತ್ತದೆ.

ಹೆರ್ಮನ್ನರ ಮೇರುಕೃತಿಯೆಂದರೆ, ಕ್ರಿಸ್ತಜಯಂತಿಯಿಂದ ಮೊದಲ್ಗೊಂಡು ತಮ್ಮ ಕಾಲದವರೆಗೆ ಒಂದೊಂದೇ ವರ್ಷದ ಸಂಗತಿಗಳನ್ನು ಅವರು ದಾಖಲಿಸಿದ ಲೋಕಚರಿತ್ರೆ. ಪೋಪರು, ಚಕ್ರವರ್ತಿಗಳು, ಯುದ್ಧ, ಕ್ಷಾಮ ಎಲ್ಲವೂ ಅದರಲ್ಲಿವೆ. 1048ರಲ್ಲಿ ಚಕ್ರವರ್ತಿ ಮೂರನೆಯ ಹೆನ್ರಿಯೂ 1049ರಲ್ಲಿ ಪೋಪ್ ಒಂಬತ್ತನೆಯ ಲಿಯೋ ಅವರೂ ಆ ದ್ವೀಪಕ್ಕೇ ಬಂದಿದ್ದರು. ಇಂಥ ಮಹಾಪುರುಷರ ನಡುವೆಯೇ ತಮ್ಮ ಜನನವನ್ನೂ ಸೋದರನ ಜನನವನ್ನೂ ಅವರು ಸಂಕೋಚವಿಲ್ಲದೆ ಸೇರಿಸಿದರು. 1052ರ ಜನವರಿ 9ರಂದು ತಾಯಿ ಹಿಲ್ಟ್ರೂಡ್ ದೈವಾಧೀನರಾದಾಗ ಆ ವರ್ಷದ ವರದಿಯಲ್ಲಿ ತಾಯಿಯ ಭಕ್ತಿಯನ್ನೂ ಬಡವರಲ್ಲಿ ಆಕೆಗಿದ್ದ ಕರುಣೆಯನ್ನೂ ಸ್ಮರಿಸಿ, ಸಮಾಧಿಗಾಗಿ ತಾವೇ ರಚಿಸಿದ ಪದ್ಯವನ್ನೂ ಬರೆದಿಟ್ಟರು. ಹದಿನೈದು ಮಕ್ಕಳನ್ನು ಹೆತ್ತ ಆ ತಾಯಿಯನ್ನು ಇಂದು ಲೋಕವು ಬಲ್ಲುದು, ನಡೆಯಲಾಗದ ಈ ಮಗನ ದೆಸೆಯಿಂದ.

1054ರಲ್ಲಿ ಹೆರ್ಮನ್ನರಿಗೆ ಪಕ್ಕೆಯಲ್ಲಿ ತೀವ್ರ ನೋವಿನ ಕಾಯಿಲೆ ಬಂದು, ಹತ್ತು ದಿನ ನರಳಿದರು. ಹಾಸಿಗೆಯ ಬಳಿ ಅಳುತ್ತಿದ್ದ ಬೆರ್ಥೋಲ್ಡರನ್ನು ಅವರು ಗದರಿ, ಅಳುವುದನ್ನು ಬಿಟ್ಟು ಮೇಣದ ಹಲಗೆಗಳಲ್ಲಿ ಉಳಿದಿದ್ದ ಬರಹವನ್ನು ತಿದ್ದಿ ಪೂರ್ಣಗೊಳಿಸುವಂತೆ ಹೇಳಿದರು. ಸೆಪ್ಟೆಂಬರ್ 24ರಂದು, 41ನೆಯ ವಯಸ್ಸಿನಲ್ಲಿ, ನಿಧನರಾದರು. ಅವರ ದೇಹವನ್ನು ದ್ವೀಪದಿಂದ ಆಲ್ಟ್ಸ್‌ಹೌಸನ್ನಿಗೆ ಕೊಂಡೊಯ್ದು, ತಾಯಿ ಮಲಗಿದ್ದ ಸ್ಥಳದಲ್ಲಿಯೇ ಮಣ್ಣುಮಾಡಲಾಯಿತು. ಅವರಿಗೆ ಸಲ್ಲುತ್ತಿದ್ದ ಗೌರವವನ್ನು ಧರ್ಮಸಭೆಯು 1863ರಲ್ಲಿ ಅಂಗೀಕರಿಸಿತು.

ಚರಿತ್ರೆಯ ಪುಸ್ತಕ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1054ರ ಪುಟದಲ್ಲಿ ಗುರುವಿನ ಜೀವನವನ್ನು ಬರೆದು ಸೇರಿಸಿದ ಬೆರ್ಥೋಲ್ಡ್, ಮರುವರ್ಷದ ಸಂಗತಿಗಳನ್ನು ತಾವೇ ಮುಂದುವರಿಸಿದರು.