ನಾಣ್ಯದಲ್ಲಿ ಎಷ್ಟು ಬರೆಯಬಹುದು?

ಕದ್ರಿಯ ಲೋಕೇಶ್ವರ ವಿಗ್ರಹದ ಶಾಸನದ ಬಗ್ಗೆ ಮಾತಾಡ್ತಾ ಇದ್ದಾಗ ಗೆಳೆಯರೊಬ್ಬರು ಹೇಳಿದರು: "ಇದನ್ನೆಲ್ಲ ಬಿಟ್‌ಕಾಯಿನ್ ಬ್ಲಾಕ್‌ಚೈನಿಗೆ ಹಾಕಿಬಿಟ್ರೆ ಆಯ್ತಲ್ಲ ಮಾರಾಯ್ರೇ, ಮತ್ತೆ ಅಳಿಸುವವರೇ ಇಲ್ಲ!"

ತಮಾಷೆಯಲ್ಲ. ಬಿಟ್‌ಕಾಯಿನ್‌ನ ಲೆಕ್ಕದೊಳಗೆ ಚಿತ್ರ, ಬರಹ ಸೇರಿಸುವ ಆರ್ಡಿನಲ್ಸ್ ವ್ಯವಸ್ಥೆ 2023ರ ಜನವರಿಯಲ್ಲಿ ಬಂತು. ಹಾಗೆ ಸೇರಿಸಿದ್ದಕ್ಕೆ ಅವರಿಟ್ಟ ಹೆಸರೇ 'ಇನ್‌ಸ್ಕ್ರಿಪ್ಷನ್', ಅಂದರೆ ಶಾಸನ! ಜಗಳ ಮಾತ್ರ ಅದಕ್ಕಿಂತ ಹಳೆಯದು. ಶುಲ್ಕ ಕೊಟ್ಟವರು ಏನು ಬೇಕಾದರೂ ಬರೆಯಲಿ ಎನ್ನುವುದು ಒಂದು ಪಕ್ಷ. ಹಣದ ಲೆಕ್ಕಪುಸ್ತಕದಲ್ಲಿ ಬೇರೆ ಬರಹ ಯಾಕೆ, ಅದರ ಪೂರ್ಣ ಪ್ರತಿ ಇಟ್ಟುಕೊಂಡವರೆಲ್ಲ ಆ ಭಾರ ಹೊರಬೇಕಲ್ಲ ಎನ್ನುವುದು ಇನ್ನೊಂದು. ಇಂಥ ಬರಹಕ್ಕೆ ಬಿಟ್‌ಕಾಯಿನ್ ಕೋರ್ ತಂತ್ರಾಂಶ 2014ರಲ್ಲಿ ಇಟ್ಟ ಮಿತಿ 40 ಬೈಟ್, ಆಮೇಲೆ 80. 2025ರ ಅಕ್ಟೋಬರಿನಲ್ಲಿ ಅದು ಒಂದು ಲಕ್ಷಕ್ಕೆ ಏರಿತು. ಜಗಳವೂ ಏರಿತು.

ಈಗ ನಮ್ಮ ಆಳುಪರ ಚಿನ್ನದ ನಾಣ್ಯ ನೋಡಿ. ಜೋಡಿ ಮೀನು, ಜೊತೆಗೆ 'ಶ್ರೀ ಪಾಂಡ್ಯ ಧನಂಜಯ' ಎಂಬ ಬಿರುದು, ಅಷ್ಟೇ. ಆ ಬಿರುದನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದರೆ 47 ಬೈಟ್ ಆಗುತ್ತದೆ; 2014ರ ಮಿತಿಯಲ್ಲಿ ಅದೂ ಹಿಡಿಸುತ್ತಿರಲಿಲ್ಲ! ದಾನದ ವಿವರ ಬರೆಸಬೇಕಾದಾಗ ಆಳುಪರು ಕಲ್ಲಿಗೆ, ತಾಮ್ರಪಟಕ್ಕೆ ಹೋದರು. ಎಂಟನೆಯ ಶತಮಾನದ ಬೆಳ್ಮಣ್ಣಿನ ತಾಮ್ರಪಟದಲ್ಲೂ ಅದೇ ಜೋಡಿ ಮೀನಿನ ಲಾಂಛನ ಉಂಟು. ಗುರುತು ಚಿಕ್ಕದು, ವಿಷಯಕ್ಕೆ ಬೇರೆ ಜಾಗ.

ಇನ್ನು ಉಳಿಯುವ ಪ್ರಶ್ನೆ. ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದ್ದು ವಿಗ್ರಹದ ಪೀಠದ ಸಂಸ್ಕೃತ ಶಾಸನದಿಂದಲೇ ನಮಗೆ ಗೊತ್ತು. ಲೋಹವನ್ನು ಕರಗಿಸಿದರೆ ದುಡ್ಡಾಗುತ್ತದೆ. ಆದರೆ ವಿಹಾರ ಹೋಗಿ ಮಂಜುನಾಥನ ದೇವಸ್ಥಾನವಾದ ಮೇಲೂ ಜನ ವಿಗ್ರಹಕ್ಕೆ ಕೈಮುಗಿದರು. ಅದಕ್ಕೇ ಅಕ್ಷರವೂ ಉಳಿಯಿತು. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಾದ ಶಾಸನಗಳಿಗೆ ಆ ಭಾಗ್ಯ ಇರಲಿಲ್ಲ.

ಇನ್ನೊಂದು ಮಾತು. ಶಾಸನದ ಪಾಠವನ್ನು ನಾವು ಮತ್ತೆ ಮತ್ತೆ ತಿದ್ದುತ್ತೇವೆ. ಅಳಿಸಲಾಗದ ಕಡೆ ತಪ್ಪು ಪಾಠವೂ ಶಾಶ್ವತ!

ಹಾಗಾಗಿ ಗೆಳೆಯರಿಗೆ ನನ್ನ ಉತ್ತರ: ಪಡಿಯಚ್ಚು, ಫೋಟೋ, ಪಾಠ ಎಲ್ಲವನ್ನೂ ನಾಲ್ಕು ಕಡೆ ಇಡುವ. ಬ್ಲಾಕ್‌ಚೈನಿನಲ್ಲಿ ಆ ಕಡತದ 32 ಬೈಟಿನ ಹ್ಯಾಶ್ ಇದ್ದರೆ ಸಾಕು. ಕಡತವನ್ನು ಯಾರಾದರೂ ತಿದ್ದಿದ್ದಾರಾ ಅಂತ ಅದು ಹೇಳುತ್ತದೆ. ಆದರೆ ಕಳೆದುಹೋದ ಶಾಸನವನ್ನು ಅದು ವಾಪಸ್ ಕೊಡುವುದಿಲ್ಲ. ನಿಮ್ಮೂರಿನ ಕಲ್ಲನ್ನು ಮೊದಲು ಮಳೆಯಿಂದ, ಸಿಮೆಂಟಿನಿಂದ ಕಾಪಾಡಿ.