ನಮ್ಮೂರ ಚರಿತ್ರೆ, ಭಾಗ 9: ಮೂರು ಚಕ್ರದ ಮಷಿನ್

ಕೆಜಿಎಫ್ ಅಂದ್ರೆ ಎಲ್ಲರಿಗೂ ಚಿನ್ನ, ಇಲ್ಲಾಂದ್ರೆ ಸಿನಿಮಾ. ಈ ಸಲದ ಫೋಟೋದಲ್ಲಿ ಎರಡೂ ಇಲ್ಲ. ಇರೋದು ನಮ್ಮ ಕಡೆಯ ಒಂದು ಟ್ರೈನಿಂಗ್ ಲ್ಯಾಬಿನ ಹಳೇ ಎಚ್‌ಎಂಟಿ ಮಿಲ್ಲಿಂಗ್ ಮಷಿನ್. ಗಣಿ ಮುಚ್ಚಿದ ಮೇಲೂ ಈ ಊರಲ್ಲಿ ಒಲೆ ಹೇಗೆ ಉರಿಯಿತು ಅಂತ ಕೇಳಿದ್ರೆ, ಅರ್ಧ ಉತ್ತರ ಇದರಲ್ಲೇ ಇದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಗಣಿ ಅಂದ್ರೆ ಬರೀ ಸುತ್ತಿಗೆ, ಸಿಡಿಮದ್ದು ಅಲ್ಲ. ಜನರನ್ನ ಇಳಿಸೋ ಹಾಯ್ಸ್ಟು, ನೀರೆತ್ತೋ ಪಂಪು, ಕಲ್ಲು ಪುಡಿ ಮಾಡೋ ಮಿಲ್ಲು, ಎಲ್ಲಾ ಸವೆಯುತ್ತೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಮೇಲೆ ಮೋಟರುಗಳೂ ಸೇರಿದವು. ಪ್ರತಿ ಬಿಡಿಭಾಗಕ್ಕೂ ಇಂಗ್ಲೆಂಡಿನ ಹಡಗು ಕಾಯೋಕಾಗುತ್ತಾ? ಹಾಗಾಗಿ ಗಣಿ ಪಕ್ಕದಲ್ಲೇ ವರ್ಕ್‌ಶಾಪು, ಅದರಲ್ಲಿ ಫಿಟ್ಟರು, ಟರ್ನರು. 1964ರಲ್ಲಿ ಬಿಇಎಂಎಲ್ ಶುರುವಾಗಿ, ಬುಲ್ಡೋಜರು ಡಂಪರು ಮಾಡೋ ಕಾರ್ಖಾನೆ ಇಲ್ಲಿ ಬಂದಾಗ ಕೈಕೆಲಸ ಗೊತ್ತಿದ್ದೋರಿಗೆ ಇನ್ನೊಂದು ಬಾಗಿಲು ತೆರೀತು.

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಮೂರು ಕಿಲೋಮೀಟರು ಆಳದಲ್ಲಿ ಬಂಡೆ ಒಡೆಯೋ ವಿದ್ಯೆಯನ್ನ ಬೇರೆ ಊರಲ್ಲಿ ಯಾರು ಕೊಳ್ತಾರೆ? ಮಷಿನ್ ಕೆಲಸ ಹಾಗಲ್ಲ, ಅದನ್ನ ಟಿಫನ್ ಡಬ್ಬಿ ಥರ ಹೊತ್ಕೊಂಡು ಹೋಗಬಹುದು. ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ಬೆಳಗಿನ ಟ್ರೈನಲ್ಲಿ ಹೊತ್ಕೊಂಡು ಹೋಗ್ತಾನೂ ಇದ್ದಾರೆ. ನಮ್ಮ ಮಾವನೂ ಅವರಲ್ಲಿ ಒಬ್ಬರು.

ಕಲಿಯೋದು ಹೇಗೆ? ಲೇತಲ್ಲಿ ಜಾಬ್ ತಿರುಗುತ್ತೆ. ಮಿಲ್ಲಿಂಗಲ್ಲಿ ತಿರುಗೋದು ಕಟರ್, ಜಾಬ್ ಟೇಬಲ್ ಮೇಲೆ ಬಿಗಿಯಾಗಿ ಕೂತಿರುತ್ತೆ. ಎಡಕ್ಕೆ ಬಲಕ್ಕೆ ಒಂದು ಚಕ್ರ, ಮುಂದೆ ಹಿಂದೆ ಒಂದು, ಮೇಲೆ ಕೆಳಗೆ ಒಂದು. ಸುಲಭ ಅನ್ಸುತ್ತೆ ಅಲ್ವಾ? ಆದ್ರೆ ಸ್ಕ್ರೂ ಮತ್ತು ನಟ್ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತೆ, ಬ್ಯಾಕ್‌ಲ್ಯಾಶ್ ಅಂತಾರೆ. ಚಕ್ರ ಹಿಂದಕ್ಕೆ ತಿರುಗಿಸಿದ್ರೆ ಡಯಲ್ ಓಡುತ್ತೆ, ಟೇಬಲ್ ಮಾತ್ರ ಅಲ್ಲಾಡಲ್ಲ. ಗೆರೆ ದಾಟಿದ್ರೆ ಪೂರ್ತಿ ಹಿಂದೆ ಬಂದು, ಮತ್ತೆ ಅದೇ ದಿಕ್ಕಿನಿಂದ ಬರಬೇಕು. ಕಟರ್ ತಿರುಗೋ ದಿಕ್ಕಿಗೇ ಜಾಬನ್ನ ತಳ್ಳಿದ್ರೆ ಇನ್ನೂ ಕಷ್ಟ: ಆ ಸಡಿಲದಷ್ಟು ಟೇಬಲನ್ನ ಕಟರ್ರೇ ಎಳ್ಕೊಳ್ಳುತ್ತೆ, ಹಲ್ಲು ಮುರಿಯುತ್ತೆ. ಅದಕ್ಕೇ ಎದುರು ದಿಕ್ಕಿನಿಂದ ಕೊಡೋದು ಮೊದಲ ಪಾಠ.

ಬಿಕಾಂ ಓದೋ ನನಗೆ ಹಿಡಿಸಿದ್ದು ಇಂಡೆಕ್ಸಿಂಗ್ ಹೆಡ್. ಹಿಡಿ 40 ಸುತ್ತು ತಿರುಗಿದ್ರೆ ಜಾಬ್ ಒಂದು ಸುತ್ತು. 28 ಹಲ್ಲಿನ ಗೇರ್ ಬೇಕಾ? ಪ್ರತಿ ಹಲ್ಲಿಗೆ ಒಂದು ಪೂರ್ತಿ ಸುತ್ತು, ಆಮೇಲೆ 21 ತೂತಿನ ವೃತ್ತದಲ್ಲಿ 9 ತೂತು. 28 ಸಲ ಮಾಡಿ, ಸರಿಯಾಗಿ 40ಕ್ಕೆ ಟ್ಯಾಲಿ! 1862ರಲ್ಲಿ ಅಮೆರಿಕದ ಜೋಸೆಫ್ ಬ್ರೌನ್ ಯೂನಿವರ್ಸಲ್ ಮಿಲ್ಲಿಂಗ್ ಮಷಿನ್ ಮಾಡಿದ್ದೂ ಇಂಥ ಬೇಸರದ ಕೆಲಸ ತಪ್ಪಿಸೋಕೆ. ಅಲ್ಲಿವರೆಗೆ ಡ್ರಿಲ್ ಬಿಟ್ಟಿನ ಸುರುಳಿ ಗಾಡಿಯನ್ನ ಅರದಲ್ಲಿ ಉಜ್ಜಿ ಮಾಡ್ತಿದ್ರು.

ಈಗ ಎಲ್ಲಾ ಸಿಎನ್‌ಸಿ, ಇದ್ಯಾಕೆ ಅಂತ ಕೇಳೋರಿದ್ದಾರೆ. ಸಿಎನ್‌ಸಿಯ ಬಾಲ್ ಸ್ಕ್ರೂನಲ್ಲಿ ಆ ಸಡಿಲ ಇಲ್ಲದ ಹಾಗೇ ಲೆಕ್ಕ, ನಿಜ. ಆದ್ರೆ ಫೀಡ್ ಜಾಸ್ತಿ ಆದಾಗ ಕಟರ್ ಹೇಗೆ ಕಿರುಚುತ್ತೆ ಅಂತ ಕೈಯಲ್ಲಿ ಗೊತ್ತಿರೋನು ಅದರ ಪ್ರೋಗ್ರಾಮಲ್ಲೂ ಅಂಕಿ ಯೋಚಿಸಿ ಹಾಕ್ತಾನೆ. ಮಾವನ ಶೆಡ್ಡಲ್ಲಿ ಸಿಎನ್‌ಸಿಗೆ ಆಪರೇಟರ್ ತಗೊಳ್ಳುವಾಗ ಮೊದಲು ಕೇಳೋ ಪ್ರಶ್ನೆ, "ಮ್ಯಾನುಯಲ್ ಬರುತ್ತಾ?"

ನಿಮ್ಮನೇಲಿ ಅಪ್ರೆಂಟಿಸ್ ಮಾಡಿದೋರು ಇದ್ರೆ ಅವರ ಮೊದಲ ಜಾಬಿನ ಫೋಟೋ ಕಳ್ಸಿ. ಭಾಗ 10ರಲ್ಲಿ ಹಾಕ್ತೀನಿ.

#ಕೆಜಿಎಫ್ #ಬಂಗಾರಪೇಟೆ #ನಮ್ಮೂರಚರಿತ್ರೆ