ಬೆಂಗಳೂರು ನೀಲಿ ದ್ರಾಕ್ಷಿಯೂ ಅದರ ದೇಶನಾಮವೂ

ದ್ರಾಕ್ಷಾಪಾಕವೆಂಬ ಮಾತು ಕಾವ್ಯಶಾಸ್ತ್ರವನ್ನು ಓದಿದವರಿಗೆಲ್ಲ ಪರಿಚಿತವಾದುದು. ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳ ಪೈಕಿ ಮಧುಪಾನವನ್ನೂ ದಂಡಿಯು ಎಣಿಸಿದ್ದಾನೆ. ಆದರೆ ದ್ರಾಕ್ಷಾಮದ್ಯಕ್ಕೆ ಅದರ ದೇಶದಿಂದಲೇ ಹೆಸರು ಬರುವುದೆಂಬ ಸಂಗತಿಯನ್ನು ಆಲಂಕಾರಿಕರಿಗಿಂತ ಮೊದಲು ವೈಯಾಕರಣರೂ ಅರ್ಥಶಾಸ್ತ್ರಕಾರನೂ ಗುರುತಿಸಿದ್ದರು. ಕಾಪಿಶೀ ನಗರದ ಹೆಸರಿನಿಂದ ‘ಕಾಪಿಶಾಯನ’ ಶಬ್ದವನ್ನು ಸಾಧಿಸಲು ಪಾಣಿನಿಯು ಪ್ರತ್ಯೇಕ ಸೂತ್ರವೊಂದನ್ನೇ ರಚಿಸಿದನು; ಕಾಶಿಕಾವೃತ್ತಿಯು ಅದಕ್ಕೆ ಅಲ್ಲಿಯ ಮಧುವನ್ನೂ ದ್ರಾಕ್ಷಿಯನ್ನೂ ಉದಾಹರಣೆಯಾಗಿ ಕೊಟ್ಟಿತು. ದ್ರಾಕ್ಷಿಯ ರಸದಿಂದಾದುದೇ ಮಧುವೆಂದೂ, ಕಾಪಿಶಾಯನ ಹಾರಹೂರಕವೆಂಬ ಅದರ ಹೆಸರುಗಳು ಹುಟ್ಟಿದ ನಾಡುಗಳಿಂದ ಬಂದವೆಂದೂ ಕೌಟಿಲ್ಯನು ಹೇಳುತ್ತಾನೆ. ಈ ನ್ಯಾಯವನ್ನು ಕನ್ನಡನಾಡಿನ ದ್ರಾಕ್ಷಿಯೊಂದಕ್ಕೆ ಅನ್ವಯಿಸಿ ನೋಡುವುದು ಉಚಿತವಾಗಿದೆ.

ಬೆಂಗಳೂರು ನೀಲಿಯೆಂದು ಪ್ರಸಿದ್ಧವಾದ ದ್ರಾಕ್ಷಿಯು ಬೆಂಗಳೂರಿನ ಸುತ್ತಣ ಸೀಮೆಯಲ್ಲಿಯೂ ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಯಲ್ಲಿಯೂ ಬೆಳೆಯುತ್ತದೆ. ಇದರ ಕಾಯಿ ಕಡುನೇರಳೆ, ಸಿಪ್ಪೆ ದಪ್ಪ, ಪರಿಮಳ ತೀವ್ರ. ಉತ್ತರ ಅಮೆರಿಕದ ಲಾಬ್ರುಸ್ಕಾ ದ್ರಾಕ್ಷಿಯ ಅಂಶವು ಇದರಲ್ಲಿದೆಯಾದ ಕಾರಣ, ವಂಶದಿಂದ ಇದು ಪರದೇಶದ್ದು. ನೆಲೆಯಿಂದ ಮಾತ್ರ ಬೆಂಗಳೂರಿನದು. ಶೀತದೇಶಗಳಲ್ಲಿ ಬಳ್ಳಿಯು ಚಳಿಗಾಲದಲ್ಲಿ ನಿದ್ರಿಸಿ ವರ್ಷಕ್ಕೊಂದೇ ಫಸಲು ಕೊಡುತ್ತದೆ. ಇಲ್ಲಿಯ ಹದವಾದ ಹವೆಯಲ್ಲಿ ಎರಡು ಸಲ ಸವರಿ ಎರಡು ಫಸಲು ಪಡೆಯುವುದು ವಾಡಿಕೆ.

ಎಲೆಯ ಅಡಿಯಲ್ಲಿ ಬಿಳಿಯ ಬೂಜಾಗಿ ಹಬ್ಬುವ ರೋಗಕ್ಕೆ ಈ ಬಳ್ಳಿಯು ಸುಲಭವಾಗಿ ತುತ್ತಾಗುತ್ತದೆ. ಆದುದರಿಂದ ರಾಸಾಯನಿಕಗಳನ್ನು ತೊರೆದು ಸಾವಯವ ವಿಧಾನದಿಂದ ಕೆಂಪು ಮದ್ಯದ ದ್ರಾಕ್ಷಿಯನ್ನು ಬೆಳೆಯುವುದು ಮಳೆಗಾಲದಲ್ಲಿ ಕಷ್ಟಸಾಧ್ಯ. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣಕ್ಕೆ, ತಾಮ್ರದ ಪ್ರಮಾಣವನ್ನು ಮಿತಿಗೊಳಿಸಿ, ಸಾವಯವ ನಿಯಮಗಳಲ್ಲಿಯೂ ಅವಕಾಶವುಂಟು. ಮಲೆನಾಡಿನ ಅಡಕೆಯ ಕೊಳೆರೋಗಕ್ಕೂ ಬಳಸುವ ಈ ಔಷಧದ ಹೆಸರು ಫ್ರಾನ್ಸಿನ ಮದ್ಯಸೀಮೆಯಾದ ಬೋರ್ಡೋವಿನಿಂದ ಬಂದುದೆಂಬುದು ಇಲ್ಲಿ ಸ್ಮರಣೀಯ.

ಇನ್ನು ಮದ್ಯದ ವಿಚಾರ. ಬೆಂಗಳೂರು ನೀಲಿಯಿಂದ ಮಾಡಿದ ಸಿಹಿಯಾದ ಕೆಂಪು ಮದ್ಯವನ್ನು ಬಹುಕಾಲದಿಂದ ‘ಪೋರ್ಟ್’ ಎಂದು ಮಾರುತ್ತ ಬಂದಿದ್ದಾರೆ. ಅದು ಪೋರ್ಚುಗಲ್ಲಿನ ಓಪೋರ್ಟೋ ಪಟ್ಟಣದ ಹೆಸರು. 1990ರ ದಶಕದಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಸಂಸ್ಥೆಯವರು ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್ ಮೊದಲಾದ ಫ್ರೆಂಚ್ ಜಾತಿಗಳಿಂದ ಮದ್ಯ ತೆಗೆದರು. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಾಮದ್ಯ ನೀತಿಯನ್ನು ಹೊರಡಿಸಿತು. ಆದರೂ ಬಳ್ಳಿಗಳ ಜಾತಿನಾಮಗಳು ಫ್ರಾನ್ಸಿನವಾಗಿಯೇ ಉಳಿದವು. 1999ರ ಭೌಗೋಳಿಕ ಸೂಚನೆಗಳ ಶಾಸನದ ಮೇರೆಗೆ 2013ರಲ್ಲಿ ಬೆಂಗಳೂರು ನೀಲಿಗೆ ದೇಶನಾಮದ ರಕ್ಷಣೆ ದೊರೆಯಿತು. ಆದರೆ ಅದು ಹಣ್ಣಿಗೆ ದೊರೆತುದು, ಮದ್ಯಕ್ಕಲ್ಲ. ಕೌಟಿಲ್ಯನ ನ್ಯಾಯದಂತೆ ರಸಕ್ಕೂ ಸಲ್ಲಬೇಕಾದ ಹೆಸರು ಹಣ್ಣಿನಲ್ಲಿಯೇ ನಿಂತಿತು.

ಇದಕ್ಕಿಂತಲೂ ಗಂಭೀರವಾದ ವಿಷಯವೊಂದುಂಟು. ನಗರದ ಪೂರ್ವಕ್ಕೆ, ಕೃಷ್ಣರಾಜಪುರಕ್ಕೂ ಮಾರತ್ತಹಳ್ಳಿಗೂ ನಡುವೆ ಇರುವ ದೊಡ್ಡನೆಕ್ಕುಂದಿಯು ಕೆರೆಯನ್ನೂ ಹೊಲಗದ್ದೆಗಳನ್ನೂ ನೆಚ್ಚಿದ ಗ್ರಾಮವಾಗಿತ್ತು. ಕೆರೆಯಿದೆ, ಹೊಲಗಳ ಜಾಗದಲ್ಲಿ ಹೊರವರ್ತುಲ ರಸ್ತೆಯೂ ಕಚೇರಿಗಳ ಸೌಧಗಳೂ ಎದ್ದಿವೆ. ದೊಡ್ಡನೆಕ್ಕುಂದಿಯಂಥ ಊರುಗಳ ನೆಲವೆಲ್ಲ ನಗರವಾದುದರಿಂದ, ಬೆಂಗಳೂರಿನ ಹೆಸರು ಹೊತ್ತ ದ್ರಾಕ್ಷಿಯನ್ನು ಈಗ ದೇವನಹಳ್ಳಿಯ ಆಚೆ ಹುಡುಕಬೇಕಾಗಿದೆ. ಕಾಪಿಶೀ ನಗರವು ಆಫ್ಘಾನಿಸ್ತಾನದ ಬೆಗ್ರಾಮಿನಲ್ಲಿ ಹಾಳುದಿಬ್ಬವಾಗಿದೆ. ಅದರ ಮಧುವು ವ್ಯಾಕರಣದ ಉದಾಹರಣೆಯಲ್ಲಿ ಮಾತ್ರ ಉಳಿದಿದೆ. ದೇಶನಾಮವನ್ನು ಶಾಸನವು ರಕ್ಷಿಸಬಲ್ಲುದು. ಆ ಹೆಸರಿಗೆ ಅರ್ಥವನ್ನು ಕೊಡುವ ನೆಲವನ್ನು ರಕ್ಷಿಸುವ ಹೊಣೆಯು ಅಲ್ಲಿ ವಾಸಿಸುವವರದು.